ಕಾಯಕದ ದಾರಿಯೂ ಶುದ್ಧವಾಗಿರಲಿ

 

ಕಾಯಕವು ಶುದ್ಧವಾಗಿರಬೇಕೆಂಬುದು ಶರಣರ ನಿಲುವು. ಕಾಯಕಕ್ಕೆ ಹೋಗುವ ದಾರಿಯೂ ಶುದ್ಧವಾಗಿರಬೇಡವೆ? ಯಲಹಂಕದಿಂದ ಹೆಬ್ಬಾಳದವರೆಗೆ ಪ್ರತಿನಿತ್ಯವೂ ಕಾಣುವುದು ಒಬ್ಬೊಬ್ಬರೇ ಕುಳಿತ ಕಾರುಗಳ ಸಾಲು. ಅವುಗಳ ಹೊಗೆಯೊಡನೆ ಹೊರಡುವ ಇಂಗಾಲಾಮ್ಲವು ಭೂಮಂಡಲದ ಕಾವನ್ನು ಹೆಚ್ಚಿಸುತ್ತಿದೆ. ಅದರಿಂದ ಮಳೆಯು ಕಾಲ ತಪ್ಪಿದರೆ ಮೊದಲು ನೋಯುವವನು ಕಾರನ್ನೇ ಏರದ ರೈತನು.

ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆಯನ್ನು ಕಟ್ಟುವುದಕ್ಕಾಗಿ 812 ಮರಗಳನ್ನು ಕಡಿಯಲು ಹೊರಟಾಗ, 2016ರ ಅಕ್ಟೋಬರಿನಲ್ಲಿ ಪುರಜನರು ಕೈಗೆ ಕೈ ಕೂಡಿಸಿ ನಿಂತರು. 2017ರಲ್ಲಿ ಸರ್ಕಾರವು ಆ ಯೋಜನೆಯನ್ನು ಕೈಬಿಟ್ಟಿತು. ಆದರೆ ಸೇತುವೆ ಬೇಡವೆನ್ನುವುದು ಅರ್ಧ ವ್ರತ. ಕಾರನ್ನು ಬಿಡುವುದು ಉಳಿದರ್ಧ.

2014ರಲ್ಲಿಯೇ ಯಶವಂತಪುರಕ್ಕೆ ಮೆಟ್ರೋ ಬಂದಿತು. 2022ರ ಜೂನ್ 20ರಂದು ಶಂಕುಸ್ಥಾಪನೆಯಾದ 148 ಕಿಲೋಮೀಟರಿನ ಉಪನಗರ ರೈಲಿನಲ್ಲಿ ಒಂದು ಮಾರ್ಗವು ಯಲಹಂಕವನ್ನೂ, ಇನ್ನೊಂದು ಹೆಬ್ಬಾಳ ಯಶವಂತಪುರಗಳನ್ನೂ ಹಾದುಹೋಗತಕ್ಕದ್ದು. ಹಳಿಗಳು ಪೂರ್ಣವಾಗುವತನಕ ನಾವು ಸುಮ್ಮನಿರಲಾಗದು. ಒಂದೇ ಪಂಕ್ತಿಯಲ್ಲಿ ಪ್ರಸಾದವನ್ನು ಸ್ವೀಕರಿಸುವ ನಮಗೆ ಒಂದೇ ಬಸ್ಸಿನಲ್ಲಿ ಕೂಡಿ ಹೋಗುವುದು ಕಷ್ಟವೆ? ಅನ್ನವನ್ನು ಹಂಚಿಕೊಂಡಂತೆ ವಾಹನವನ್ನೂ ಹಂಚಿಕೊಳ್ಳೋಣ, ಅದೂ ದಾಸೋಹವೇ. ಶ್ರೀಮಠದ ಉತ್ಸವಗಳಿಗೆ ಬರುವುದರಿಂದಲೇ ಈ ನೇಮವು ಮೊದಲಾಗಲೆಂದು ಬಿನ್ನವಿಸುತ್ತೇನೆ.