ಪಹಣಿ ಇಲ್ಲದವರ ಜಾಮೀನು

(ಭಾಷಣದ ಲೇಖನರೂಪ)



ಜಾಮೀನು ಎಂಬ ಮಾತು ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಕಿವಿಗೆ ಹೊಸದಲ್ಲ. ಸೊಸೈಟಿಯಲ್ಲಿ ಬೆಳೆಸಾಲ ತೆಗೆಯುವಾಗ ಜಾಮೀನು ಕೇಳುತ್ತಾರೆ, ಬ್ಯಾಂಕಿನಲ್ಲಿ ಕೇಳುತ್ತಾರೆ, ಕೋರ್ಟಿನಲ್ಲಿಯೂ ಕೇಳುತ್ತಾರೆ. ಪದ ಅರಬ್ಬಿ ಮೂಲದ್ದು. ಪಾರಸಿಯ ದಾರಿಯಲ್ಲಿ ಕನ್ನಡದ ಕಚೇರಿಗಳಿಗೆ ಬಂದದ್ದು. ಕನ್ನಡಕ್ಕೆ ಅದೇ ಅರ್ಥದ ತನ್ನದೇ ಹಳೆಯ ಪದವಿದೆ: ಹೊಣೆ. ಒಬ್ಬನಿಗಾಗಿ ಇನ್ನೊಬ್ಬ ಹೊಣೆ ನಿಲ್ಲುವುದೆಂದರೆ, ‘ಇವನನ್ನು ನಾನು ಬಲ್ಲೆ, ಕರೆದ ದಿನ ಕರೆತರುತ್ತೇನೆ’ ಎಂದು ನಾಲ್ಕು ಜನರ ಎದುರು ಮಾತು ಕೊಡುವುದು. ಅಲ್ಲಿ ಮುಖ್ಯವಾದದ್ದು ಮುಖಪರಿಚಯ ಮತ್ತು ಮಾತು. ಇಂದಿನ ಕೋರ್ಟಿನ ಜಾಮೀನಿನಲ್ಲಿ ಮುಖ್ಯವಾಗಿರುವುದು ಕಾಗದ. ಮಲೆನಾಡಿನ ಮಟ್ಟಿಗೆ ಹೇಳುವುದಾದರೆ ಪಹಣಿ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹೊಸನಗರ ತಾಲೂಕಿನ ಒಳಗಿನ ಊರೊಂದರಲ್ಲಿ ಅಡಿಕೆ ಕೊನೆ ತೆಗೆಯುವ ಕೆಲಸಗಾರನೊಬ್ಬನಿದ್ದಾನೆ. ಬೇಲಿಯ ವಿಷಯಕ್ಕೆ ಜಗಳವಾಗಿ ಅವನ ಮೇಲೆ ಮೊಕದ್ದಮೆ ಬಿತ್ತು. ಶಿವಮೊಗ್ಗದ ಜೈಲಿಗೆ ಹೋದ. ವಕೀಲರು ಅರ್ಜಿ ಹಾಕಿದರು, ನ್ಯಾಯಾಧೀಶರು ಉದಾರವಾಗಿಯೇ ಜಾಮೀನು ಕೊಟ್ಟರು: 50,000 ರೂಪಾಯಿಯ ಮುಚ್ಚಳಿಕೆ, ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ. ಆದೇಶವಾಯಿತು, ಆದರೆ ಮನುಷ್ಯ ಹೊರಗೆ ಬರಲಿಲ್ಲ. ಅಣ್ಣ ಹೊಣೆ ನಿಲ್ಲಲು ಸಿದ್ಧನಿದ್ದಾನೆ. ಅಣ್ಣನ ಹೆಸರಿನಲ್ಲಿ ಪಹಣಿ ಇಲ್ಲ. ಭಾವನೂ ಸಿದ್ಧ, ಅವನು ಉಳುವುದು ಬಗರ್‌ಹುಕುಂ ಜಮೀನು. ಊರಿನಲ್ಲಿ ಪಹಣಿ ಇರುವವರು ಇಬ್ಬರೋ ಮೂವರೋ. ಅವರಲ್ಲಿ ಒಬ್ಬರು, ಇವನು ಯಾರ ತೋಟದಲ್ಲಿ ಕೂಲಿಗೆ ಹೋಗುತ್ತಾನೋ ಅವರೇ.

ಅವರು ಒಂದು ದಿನದ ಕೆಲಸ ಬಿಟ್ಟು, ಪಹಣಿ, ಆಧಾರ್ ಚೀಟಿ, ಭಾವಚಿತ್ರ ಹಿಡಿದು ಕೋರ್ಟಿಗೆ ಬಂದು ಸಹಿ ಹಾಕಿದರೆ ಇವನಿಗೆ ಬಿಡುಗಡೆ. ಹಾಕಿದರು ಎನ್ನೋಣ. ಮುಂದಿನ ವರ್ಷ ಕೂಲಿ ಹೆಚ್ಚು ಕೇಳಲು ಇವನಿಗೆ ಬಾಯಿ ಬರುವುದೆ? ಅವರ ಜಮೀನಿನ ಕಾಗದ ಇವನ ಹೆಸರಿನ ಕಡತದಲ್ಲಿದೆ. ಮೊಕದ್ದಮೆ ಮುಗಿಯಲು ಎಷ್ಟು ವರ್ಷವೋ ಅಷ್ಟು ವರ್ಷ ಅವರ ಹಂಗು ಇವನ ಮೇಲೆ. ಕಾನೂನು ಅವನನ್ನು ಜೈಲಿನಿಂದ ಬಿಡಿಸಿತು, ಹಂಗಿನಿಂದ ಬಿಡಿಸಲಿಲ್ಲ.

ಈ ಮಾತಿನ ತೂಕ ತಿಳಿಯಬೇಕಾದರೆ 1951ಕ್ಕೆ ಹೋಗಬೇಕು. ಸಾಗರ ತಾಲೂಕಿನ ಕಾಗೋಡಿನಲ್ಲಿ ಅಂದು ಎದ್ದ ಪ್ರಶ್ನೆ ಮೇಲುನೋಟಕ್ಕೆ ಬಹಳ ಸಣ್ಣದು: ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು? ಒಡೆಯರು ಗೇಣಿ ತೆಗೆದುಕೊಳ್ಳುವ ಕೊಳಗ ವಾಡಿಕೆಯ ಅಳತೆಗಿಂತ ದೊಡ್ಡದು. ದೀವರ ಸಮುದಾಯದ ಗೇಣಿದಾರರು ಇದನ್ನು ಪ್ರಶ್ನಿಸಿದರು. ಎಚ್. ಗಣಪತಿಯಪ್ಪನವರ ರೈತ ಸಂಘ ಮುಂದಾಯಿತು, ಸಮಾಜವಾದಿ ಪಕ್ಷ ಕೈಜೋಡಿಸಿತು. ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ ಹುಟ್ಟಿದ ಶಾಂತವೇರಿ ಗೋಪಾಲಗೌಡರು ಚಳವಳಿಯ ಮುಂಚೂಣಿಯಲ್ಲಿ ನಿಂತರು. ಬಿಡಿಸಿದ ಗದ್ದೆಗೆ ರೈತರು ತಂಡತಂಡವಾಗಿ ಇಳಿದು ಬಂಧನಕ್ಕೆ ಒಳಗಾದರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧಿತರಾದರು. ಮರುವರ್ಷದ ಚುನಾವಣೆಯಲ್ಲಿ ಸಾಗರ-ಹೊಸನಗರ ಕ್ಷೇತ್ರ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿತು. ಮೂರು ತಾಲೂಕುಗಳ ಹೆಸರೂ ಆ ಒಂದು ಕಥೆಯಲ್ಲಿ ಕೂಡುತ್ತವೆ.

ಕಾಗೋಡು ಕೇಳಿದ್ದು ಅಳತೆಯ ನ್ಯಾಯ. ಅದಕ್ಕೆ ಪೂರ್ಣ ಉತ್ತರ ಸಿಕ್ಕಿದ್ದು ದೇವರಾಜ ಅರಸರ ಕಾಲದ ಭೂಸುಧಾರಣೆಯ ತಿದ್ದುಪಡಿಯಿಂದ. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನುಗಳು ಸರಕಾರದಲ್ಲಿ ನಿಹಿತವಾಗಿ, ಉಳುವವನು ಒಡೆಯನಾಗುವ ದಾರಿ ತೆರೆಯಿತು. ಸರಿಯಾಗಿ ಒಂದು ತಿಂಗಳಿಗೆ, 1974ರ ಏಪ್ರಿಲ್ 1ಕ್ಕೆ, 1973ರ ಹೊಸ ದಂಡಪ್ರಕ್ರಿಯಾ ಸಂಹಿತೆ ದೇಶದಲ್ಲಿ ಜಾರಿಗೆ ಬಂತು. ಎರಡಕ್ಕೂ ನೇರ ಸಂಬಂಧವಿಲ್ಲ. ಆದರೆ ಕೋರ್ಟಿನ ಮೆಟ್ಟಿಲ ಮೇಲೆ ಅವು ಭೇಟಿಯಾದವು. ಗೇಣಿದಾರನ ಕೈಗೆ ಪಹಣಿ ಬಂದ ದಿನ, ತಮ್ಮನಿಗೋ ನೆರೆಯವನಿಗೋ ಜಾಮೀನು ನಿಲ್ಲುವ ಯೋಗ್ಯತೆಯೂ ಅವನಿಗೆ ಬಂತು. ಅದಕ್ಕೆ ಮುಂಚೆ ಆ ಯೋಗ್ಯತೆ ಒಡೆಯರೊಬ್ಬರದೇ ಆಗಿತ್ತು.

ಆದರೆ ಎಲ್ಲರ ಕೈಗೂ ಪಹಣಿ ಬರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ಕಣಿವೆಯ ಊರುಗಳು ಮುಳುಗಿದವು. ಮುಳುಗಡೆಯವರನ್ನು ಲಾರಿಗಳಲ್ಲಿ ತಂದು ಕಾಡಿನ ನಡುವೆ ಇಳಿಸಿದ ಕಥೆ ಮಲೆನಾಡಿನ ಹಿರಿಯರ ನೆನಪಿನಲ್ಲಿದೆ. ಕೊಟ್ಟ ಭೂಮಿ ಕಾಗದದಲ್ಲಿ ಅರಣ್ಯವಾಗಿಯೇ ಉಳಿದ ಕಡೆಗಳಲ್ಲಿ ಮೊಮ್ಮಕ್ಕಳ ಕಾಲಕ್ಕೂ ಹಕ್ಕುಪತ್ರದ ತಕರಾರು ಮುಗಿದಿಲ್ಲ. ಬಗರ್‌ಹುಕುಂ ಸಾಗುವಳಿದಾರರು, ಕೂಲಿಕಾರರು, ಮದುವೆಯಾಗಿ ಬಂದ ಹೆಂಗಸರು: ಇವರಲ್ಲಿ ಬಹುತೇಕರ ಹೆಸರು ಯಾವ ಪಹಣಿಯಲ್ಲೂ ಇಲ್ಲ. ಇವರೂ ಊರಿನ ನಿವಾಸಿಗಳೇ, ಮತದಾರರೇ. ಜಾಮೀನಿನ ಲೆಕ್ಕಕ್ಕೆ ಮಾತ್ರ ಇವರಿಲ್ಲ.

ಈ ವಿಪರೀತ ಎದ್ದುಕಂಡದ್ದು ಭೂಕಬಳಿಕೆ ಮೊಕದ್ದಮೆಗಳಲ್ಲಿ. 2011ರ ಕರ್ನಾಟಕ ಭೂಕಬಳಿಕೆ ನಿಷೇಧ ಕಾಯ್ದೆಯ ಹಿಂದೆ ಇದ್ದದ್ದು ಬೆಂಗಳೂರಿನ ಸುತ್ತಮುತ್ತ ಸರಕಾರಿ ಭೂಮಿ ನುಂಗಿದವರ ಮೇಲಿನ ಸಿಟ್ಟು. ಅದಕ್ಕಾಗಿ ಬೆಂಗಳೂರಿನಲ್ಲಿ ವಿಶೇಷ ನ್ಯಾಯಾಲಯ ತೆರೆಯಿತು. ಆದರೆ ಅದರ ನೋಟೀಸು ಮಲೆನಾಡಿನ ಸಣ್ಣ ಸಾಗುವಳಿದಾರರ ಮನೆಗೂ ಬಂತು. 300 ಕಿಲೋಮೀಟರಿಗೂ ದೂರದ ಊರಿಗೆ ರಾತ್ರಿ ಬಸ್ಸು ಹತ್ತಿ ಹೋಗಬೇಕು, ವಕೀಲರನ್ನು ಹಿಡಿಯಬೇಕು, ಮುಚ್ಚಳಿಕೆ, ಜಾಮೀನು ಹೊಂದಿಸಬೇಕು. ಜಮೀನಿಗೆ ಕಾಗದವಿಲ್ಲ ಎಂಬುದೇ ಅವನ ಮೇಲಿನ ಆರೋಪ; ಬಿಡುಗಡೆಗೆ ಜಮೀನಿನ ಕಾಗದ ತಾ ಎಂಬುದು ಷರತ್ತು. ಈ ಅಲೆದಾಟದ ದೂರು ವಿಧಾನಸಭೆಯವರೆಗೂ ಹೋಗಿ, 2022ರಲ್ಲಿ ಗ್ರಾಮಾಂತರದ ಸಾಗುವಳಿದಾರರನ್ನು ಹೊರಗಿಡುವ ಉದ್ದೇಶದ ತಿದ್ದುಪಡಿ ಮಂಡನೆಯಾಯಿತು. ಆ ತಿದ್ದುಪಡಿ ಒಂದು ಕಾಯ್ದೆಯ ಮಾತು. ಜಾಮೀನಿನ ಮೂಲ ಪ್ರಶ್ನೆ ಹಾಗೆಯೇ ಉಳಿದಿದೆ.

ಕಾನೂನು ಏನು ಹೇಳುತ್ತದೆ? ನಿಜ ಹೇಳಬೇಕೆಂದರೆ, ಬಡವನ ಪರವಾಗಿ ಬಹಳಷ್ಟನ್ನು ಹೇಳಿದೆ. ಜಾಮೀನೇ ನಿಯಮ, ಜೈಲು ಅಪವಾದ ಎಂಬ ತತ್ತ್ವವನ್ನು ಸುಪ್ರೀಂ ಕೋರ್ಟು 1977ರ ಬಾಲಚಂದ್ ಪ್ರಕರಣದಲ್ಲಿ ಆಡಿತು. ಮರುವರ್ಷ ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನ ಪ್ರಕರಣ ಬಂತು. ಅವನಿಗೆ ಕೇಳಿದ್ದು 10,000 ರೂಪಾಯಿಯ ಜಾಮೀನು. ಅವನ ಸಹೋದರ ಹೊಣೆ ನಿಲ್ಲಲು ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಲಾಯಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಒಪ್ಪಲಿಲ್ಲ. ದೂರದ ಊರಿನಲ್ಲಿ ಬಂಧಿತನಾದ ಮಲಯಾಳಿಯೋ ಕನ್ನಡಿಗನೋ ಅಲ್ಲಿಯೇ ಆಸ್ತಿ ಇರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂದು ಕೇಳಿ, ಗಾರೆಯವನನ್ನೂ ಕೋಟ್ಯಧೀಶನನ್ನೂ ಒಂದೇ ಅಳತೆಯಲ್ಲಿ ನೋಡುವುದು ಸಮಾನತೆಯಲ್ಲ ಎಂದು ತೀರ್ಪಿತ್ತರು. ಮೋತಿರಾಮನನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಲು ಆದೇಶವಾಯಿತು. ಕಾಗೋಡಿನ ಕೊಳಗದ ನ್ಯಾಯವೇ ಬೇರೊಂದು ಭಾಷೆಯಲ್ಲಿ ಅಲ್ಲಿ ನುಡಿದಂತಿತ್ತು.

1979ರಲ್ಲಿ ಬಿಹಾರದ ಜೈಲುಗಳ ಸ್ಥಿತಿ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಬಯಲಾಯಿತು. ಅಪರಾಧ ರುಜುವಾದರೆ ಎಷ್ಟು ಶಿಕ್ಷೆಯಾಗುತ್ತಿತ್ತೋ ಅದಕ್ಕಿಂತ ಹೆಚ್ಚು ಕಾಲ ವಿಚಾರಣೆಗೇ ಕಾಯುತ್ತ ಒಳಗಿದ್ದವರು ಅಲ್ಲಿದ್ದರು. ಆರೋಪಿಗೆ ಊರಿನಲ್ಲಿ ಬೇರುಗಳಿವೆಯೆ, ಎಷ್ಟು ಕಾಲದಿಂದ ಅಲ್ಲಿದ್ದಾನೆ, ಕೆಲಸವೇನು, ಕುಟುಂಬವೆಲ್ಲಿ ಎಂಬುದನ್ನು ನೋಡಿ, ಓಡಿಹೋಗುವ ಸಂಭವ ಇಲ್ಲವಾದರೆ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬಹುದು ಎಂದು ನ್ಯಾಯಮೂರ್ತಿ ಭಗವತಿ ಹೇಳಿದರು. ಈ ವಿಚಾರಕ್ಕೆ ಹೊರಗಿನ ಅನುಭವವೂ ಒದಗಿತ್ತು. 1961ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಹೀಗೆಯೇ ಊರಿನ ಸಂಬಂಧಗಳನ್ನು ವಿಚಾರಿಸಿ, ಹಣ ಕಟ್ಟಿಸಿಕೊಳ್ಳದೆ ಬಿಡುವ ಪ್ರಯೋಗ ನಡೆಯಿತು. ಬಿಟ್ಟವರಲ್ಲಿ ಬಹುಪಾಲು ಜನ ತಾವಾಗಿಯೇ ಕೋರ್ಟಿಗೆ ಬಂದರು. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಇಲಿನಾಯ್ ರಾಜ್ಯ ಹಣದ ಜಾಮೀನನ್ನೇ ಪೂರ್ತಿಯಾಗಿ ತೆಗೆದುಹಾಕಿತು.

ಇಲ್ಲಿಯೂ ತಿದ್ದುಪಡಿಗಳು ಬಂದಿವೆ. ಜಾಮೀನು ಪಡೆಯಬಹುದಾದ ಅಪರಾಧದಲ್ಲಿ ಬಂಧಿತನಾದವನು ಒಂದು ವಾರದೊಳಗೆ ಜಾಮೀನುದಾರನನ್ನು ಒದಗಿಸಲಾಗದಿದ್ದರೆ ಅವನನ್ನು ಬಡವನೆಂದೇ ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು ಎಂಬ ನಿಯಮ 2005ರ ತಿದ್ದುಪಡಿಯಿಂದ ಬಂತು. 2023ರ ಜನವರಿ 31ರಂದು ಸುಪ್ರೀಂ ಕೋರ್ಟು, ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಟದಿಂದ ಬಿಡುಗಡೆ ತಡವಾಗುತ್ತಿದ್ದರೆ ಆ ಷರತ್ತು ಹಾಕದಿರುವಂತೆ ಸೂಚಿಸಿತು; ಆದೇಶವಾಗಿ ತಿಂಗಳಾದರೂ ಜಾಮೀನು ಒದಗದಿದ್ದರೆ ಷರತ್ತನ್ನು ಸಡಿಲಿಸಬಹುದೆ ಎಂದು ಕೋರ್ಟು ತಾನಾಗಿಯೇ ನೋಡಬಹುದೆಂದಿತು. ಅದೇ ವರ್ಷ ಕೇಂದ್ರ ಸರಕಾರ ಬಡ ಕೈದಿಗಳ ನೆರವಿಗೆ ಯೋಜನೆ ಮಾಡಿ, ಜಾಮೀನಿಗಾಗಿ 40,000 ರೂಪಾಯಿಯವರೆಗೆ ಕೊಡಲು ಅವಕಾಶ ಮಾಡಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಂತೆ, ಮೊದಲ ಸಲ ಆರೋಪಕ್ಕೆ ಒಳಗಾದವನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗದಷ್ಟು ಕಾಲ ಒಳಗಿದ್ದರೆ ಮುಚ್ಚಳಿಕೆಯ ಮೇಲೆ ಬಿಡಬೇಕು. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸದು. ಒಂದಕ್ಕಿಂತ ಹೆಚ್ಚು ಮೊಕದ್ದಮೆ ಇದ್ದವರಿಗೂ ಇಲ್ಲ.

ಇಷ್ಟೆಲ್ಲ ಇದ್ದೂ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು. ನಾಲ್ವರಲ್ಲಿ ಮೂವರು, ಕಾನೂನಿನ ಕಣ್ಣಿನಲ್ಲಿ ಇನ್ನೂ ನಿರಪರಾಧಿಗಳು. ಇವರೆಲ್ಲ ಜಾಮೀನುದಾರರಿಲ್ಲದೆ ಉಳಿದವರಲ್ಲ. ಹಲವರಿಗೆ ಜಾಮೀನೇ ಸಿಕ್ಕಿಲ್ಲ. ಆದರೆ ಆದೇಶ ಕೈಗೆ ಬಂದೂ ಕಾಗದವಿಲ್ಲದೆ ಉಳಿದವರ ಸಂಕಟ ಬೇರೆಯೇ. ಅವರನ್ನು ಒಳಗಿಡಬೇಕೆಂದು ಯಾವ ನ್ಯಾಯಾಧೀಶರೂ ಹೇಳಿಲ್ಲ. ಕಾಯುವುದಕ್ಕಿಂತ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮನೆಗೆ ಹೋಗುವುದೇ ಲೇಸು ಎಂದು ಮಾಡದ ತಪ್ಪನ್ನೂ ಒಪ್ಪಿಕೊಳ್ಳುವ ಮನಸ್ಸು ಹುಟ್ಟುವುದು ಅಲ್ಲಿಯೇ.

ಇನ್ನೊಂದು ಕಡೆಯ ಮಾತನ್ನೂ ಕೇಳಬೇಕು. ಜಾಮೀನುದಾರನೇ ಬೇಡವೆಂದರೆ ಆರೋಪಿ ತಲೆಮರೆಸಿಕೊಂಡಾಗ ಯಾರನ್ನು ಕೇಳುವುದು? ಸಾಕ್ಷಿ ಹೇಳಬೇಕಾದ ಬಡವಳ ಮನೆಯ ಎದುರು ಆರೋಪಿ ಮರುದಿನವೇ ಓಡಾಡಿದರೆ ಅವಳ ಗತಿಯೇನು? ಈ ಭಯಗಳು ಸುಳ್ಳಲ್ಲ. ಆದರೆ ಸಾಕ್ಷಿಯನ್ನು ಬೆದರಿಸಬಲ್ಲವನು ಸಾಮಾನ್ಯವಾಗಿ ಪಹಣಿಗೆ ಬಡವನಲ್ಲ. ಹಣದ ಜಾಮೀನು ಅವನನ್ನು ತಡೆಯುವುದಿಲ್ಲ. ಅವನನ್ನು ತಡೆಯಬೇಕಾದದ್ದು ಊರಿಗೆ ಹೋಗಬಾರದು, ಠಾಣೆಗೆ ಹಾಜರಾಗಬೇಕು ಎಂಬಂಥ ಷರತ್ತುಗಳು. ಮುರಿದರೆ ಜಾಮೀನು ರದ್ದು. ಕಾಗದದ ಹಟ ಹೆಚ್ಚಿದಷ್ಟೂ ಬೆಳೆಯುವುದು ನಕಲಿ ಪಹಣಿ ಹಿಡಿದು, ಹಣಕ್ಕೆ ಜಾಮೀನು ನಿಲ್ಲುವವರ ದಂಧೆ. ಗುರುತಿಲ್ಲದ ಅಂಥವನ ಸಹಿಗಿಂತ ಊರಿನ ಅಣ್ಣನ ಮಾತು ಹೆಚ್ಚು ಗಟ್ಟಿ.

ಹಾಗಾದರೆ ಆಗಬೇಕಾದದ್ದೇನು? 2017ರಲ್ಲಿ ಕಾನೂನು ಆಯೋಗ ತನ್ನ 268ನೆಯ ವರದಿಯಲ್ಲಿ ಜಾಮೀನಿನ ನಿಯಮಗಳ ಸುಧಾರಣೆಗೆ ಸಲಹೆ ಕೊಟ್ಟಿದೆ. 2022ರಲ್ಲಿ ಸುಪ್ರೀಂ ಕೋರ್ಟು, ಬ್ರಿಟನ್ನಿನ 1976ರ ಕಾಯ್ದೆಯನ್ನು ನೆನೆದು, ಜಾಮೀನಿಗೇ ಪ್ರತ್ಯೇಕ ಕಾಯ್ದೆ ಬೇಕೆಂದಿತು. ಅದು ದಿಲ್ಲಿಯಲ್ಲಿ ಆಗಬೇಕಾದ ಕೆಲಸ. ತಾಲೂಕು ಮಟ್ಟದಲ್ಲಿ ಆಗಬಹುದಾದದ್ದೂ ಇದೆ. ಬಂಧನದಲ್ಲಿರುವ ಯಾರಿಗೇ ಆಗಲಿ, ವರಮಾನ ನೋಡದೆ, ಉಚಿತ ಕಾನೂನು ನೆರವಿನ ಹಕ್ಕಿದೆ. ಅದಕ್ಕಾಗಿ ತಾಲೂಕು ಕಾನೂನು ಸೇವಾ ಸಮಿತಿಗಳಿವೆ. ಅಲ್ಲಿಯ ವಕೀಲರು ಜಾಮೀನಿನ ಅರ್ಜಿಯ ಜೊತೆಗೇ ಆರೋಪಿಯ ಊರು, ಕುಟುಂಬ, ಕೆಲಸ, ಮಕ್ಕಳ ಶಾಲೆಯ ವಿವರ ಮುಂದಿಟ್ಟು ಸ್ವಂತ ಮುಚ್ಚಳಿಕೆಯನ್ನೇ ಕೇಳಬಹುದು. ಬಗರ್‌ಹುಕುಂ ಸಾಗುವಳಿದಾರನ ಹೆಸರಿನ ಪಡಿತರ ಚೀಟಿ, ಮತದಾರರ ಪಟ್ಟಿ, ಮನೆಗಂದಾಯದ ರಸೀದಿ ಅವನು ಊರು ಬಿಟ್ಟು ಹೋಗುವವನಲ್ಲ ಎಂದು ಹೇಳುವುದಿಲ್ಲವೆ? ಮೂರು ತಲೆಮಾರಿನಿಂದ ಒಂದೇ ಮಣ್ಣಿನಲ್ಲಿ ಬೆವರು ಸುರಿಸಿದವನಿಗೆ ಬೇರಿಲ್ಲವೆಂದು ಹೇಳುವುದು ಹೇಗೆ?

1951ರಲ್ಲಿ ಕಾಗೋಡಿನ ರೈತರು ಗೇಣಿ ಕೊಡುವುದಿಲ್ಲ ಎಂದು ಮೊದಲಿಗೆ ಹೇಳಲಿಲ್ಲ. ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂದರು. ಜಾಮೀನಿನ ಚರ್ಚೆಯಲ್ಲಿಯೂ ಬಡವರ ಬೇಡಿಕೆ ಅಷ್ಟೇ. ವಿಚಾರಣೆಯೇ ಬೇಡವೆಂದು ಯಾರೂ ಕೇಳುತ್ತಿಲ್ಲ. ಕರೆದ ದಿನ ಬರುತ್ತೇವೆ ಎನ್ನುತ್ತಿದ್ದಾರೆ. ಆ ಮಾತನ್ನು ಅಳೆಯಲು ಪಹಣಿಯೊಂದೇ ಕೊಳಗವಾಗಬಾರದು.