ಕುಡಿಯುವ ನೀರು ಮತ್ತು ಕೆಂಪು ಮಾತ್ರೆ



2023ರ ಮಾರ್ಚ್‌ನಲ್ಲಿ ಪಟ್ಟಂದೂರು ಅಗ್ರಹಾರಕ್ಕೆ ಮೆಟ್ರೋ ಬಂದಿತು. ಅಲ್ಲಿನ ಐಟಿ ಕಟ್ಟಡಗಳೊಳಗೆ ಕುಡಿಯುವ ನೀರಿಗೆ ಕೊರತೆಯಿಲ್ಲ. ಅಂತಹ ಕಟ್ಟಡಗಳಿಗೆ ಇಟ್ಟಿಗೆ ಹೊರುವ ಹೆಣ್ಣುಮಗಳು ಮಾತ್ರ, ಶೌಚಾಲಯವಿಲ್ಲದ ಕಡೆ, ಬಾಯಾರಿದರೂ ನೀರು ಮುಟ್ಟುವುದಿಲ್ಲ. ಆಕೆಗೆ ‘ನೀರು ಕುಡಿಯಿರಿ’ ಎಂಬ ಭಿತ್ತಿಪತ್ರದಿಂದ ಪ್ರಯೋಜನವಿಲ್ಲ. ಚಿಲಕವಿರುವ ಶೌಚಾಲಯ ಮೊದಲಾಗಬೇಕು. ತಮ್ಮ ವ್ಯಾಪ್ತಿಯಲ್ಲಿ ಕಟ್ಟಡ ಪರವಾನಗಿ ನೀಡುವಾಗಲೇ ಸದಸ್ಯರು ಇದನ್ನು ಕೇಳಬೇಕು.

ಇನ್ನು ಪೂರಕಗಳು. ಡಬ್ಬಿಯ ಪೌಷ್ಟಿಕ ಪುಡಿಗಳಿಗೆ ಕೂಲಿಯ ಹಣ ಸುರಿಯುವುದಕ್ಕಿಂತ ರಾಗಿ, ಹುರುಳಿ, ಮೊಟ್ಟೆ ಕೊಳ್ಳುವುದು ಲೇಸು. ಕಬ್ಬಿಣಾಂಶದ ಕೆಂಪು ಮಾತ್ರೆ ಹಾಗಲ್ಲ. ಗರ್ಭಿಣಿಗೆ ದಿನಕ್ಕೊಂದರಂತೆ 180 ದಿನ ಉಚಿತವಾಗಿ ನೀಡುವ ಈ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ; ಬರಿಯ ಊಟದಿಂದ ಅಷ್ಟು ದೊರೆಯದು. ಮಲ ಕಪ್ಪಾಯಿತೆಂದು ಹೆದರಿ ಕೆಲವರು ಮಾತ್ರೆ ಬಿಡುತ್ತಾರೆ. ಅದು ಸಹಜ, ಅಪಾಯವಲ್ಲ. ಚಹಾ ಅಥವಾ ಕ್ಯಾಲ್ಸಿಯಂ ಮಾತ್ರೆಯೊಂದಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ; ನಿಂಬೆಹಣ್ಣಿನ ಪಾನಕದೊಂದಿಗೆ ಹೆಚ್ಚು.

ಶೆಡ್ಡುಗಳಲ್ಲಿರುವ ವಲಸೆ ಕುಟುಂಬದ ಗರ್ಭಿಣಿಯರು ಸುಲಭವಾಗಿ ಲೆಕ್ಕ ತಪ್ಪುತ್ತಾರೆ. ಅವರಿಗೆ ತಾಯಿ ಕಾರ್ಡ್ ದೊರೆತಿದೆಯೇ ಎಂಬುದನ್ನು ಆಶಾ ಕಾರ್ಯಕರ್ತೆಯರೊಡನೆ ಕುಳಿತು, ಮುಂದಿನ ಸಾಮಾನ್ಯ ಸಭೆಯೊಳಗೆ ವಾರ್ಡುವಾರು ಪರಿಶೀಲಿಸತಕ್ಕದ್ದು.