ಕಬ್ಬಿನ ಹಾಲು, ವಿಮಾನದ ಎಣ್ಣೆ

ನಸುಕಿನಲ್ಲಿ ಈಚಲು ಮರದಿಂದ ಇಳಿಸಿದ ನೀರಾ ಹೊತ್ತೇರುವುದರೊಳಗೆ ಹುಳಿತು ಹೆಂಡವಾಗುವುದನ್ನು ಬಲ್ಲವರಿಗೆ ಯೀಸ್ಟ್ ಎಂಬ ಸೂಕ್ಷ್ಮಜೀವಿಯನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಸಕ್ಕರೆಯನ್ನು ತಿಂದು ಮದ್ಯಸಾರವನ್ನು ಹೊರಹಾಕುವುದು ಅದರ ಹುಟ್ಟುಗುಣ. ಅದೇ ಜೀವಿಗೆ ಮದ್ಯಸಾರದ ಬದಲು ಡೀಸೆಲಿನಂತಹ ಎಣ್ಣೆಯನ್ನು ತಯಾರಿಸಲು ಕಲಿಸಬಹುದೇ ಎಂಬುದು ಈ ಶತಮಾನದ ಆರಂಭದಲ್ಲಿ ಕೆಲವು ವಿಜ್ಞಾನಿಗಳು ಹಾಕಿಕೊಂಡ ಪ್ರಶ್ನೆ. ಕಲಿಸಬಹುದು ಎಂಬ ಉತ್ತರವೂ ದೊರೆತಿದೆ. ಆದರೂ ಪೆಟ್ರೋಲ್ ಬಂಕುಗಳಲ್ಲಿ ಆ ಎಣ್ಣೆ ನಮಗೆ ಸಿಗುತ್ತಿಲ್ಲ.

ಮದ್ಯಸಾರವಿರುವಾಗ ಎಣ್ಣೆಯ ಹಂಬಲವೇಕೆ? ಮದ್ಯಸಾರದಲ್ಲಿ ಆಮ್ಲಜನಕ ಸೇರಿಕೊಂಡಿದೆ. ಒಂದರ್ಥದಲ್ಲಿ ಅದು ಆಗಲೇ ಅರೆಬರೆ ಉರಿದ ಇಂಧನ. ಲೀಟರಿಗೆ ಲೀಟರು ಹೋಲಿಸಿದರೆ ಪೆಟ್ರೋಲಿನ ಶಕ್ತಿಯ ಮೂರರಲ್ಲಿ ಎರಡು ಪಾಲು ಮಾತ್ರ ಅದರಲ್ಲಿದೆ. ಬರಿಯ ಇಂಗಾಲ ಮತ್ತು ಜಲಜನಕಗಳಿಂದಾದ ಹೈಡ್ರೋಕಾರ್ಬನ್ನುಗಳಿಗೆ ಈ ಕೊರತೆಯಿಲ್ಲ. ಕಾರಿಗೆ ಬ್ಯಾಟರಿ ಸಾಕಾದೀತು. ಸಾಗರ ದಾಟುವ ವಿಮಾನಕ್ಕೆ ಇಂದಿನ ಬ್ಯಾಟರಿ ಹೊರಲಾರದ ಹೊರೆ.

ವಿಚಿತ್ರವೆಂದರೆ, ಈ ಕತೆ ಆರಂಭವಾದದ್ದು ಇಂಧನದಿಂದಲ್ಲ, ಮಲೇರಿಯಾದ ಔಷಧದಿಂದ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಜೇ ಕೀಸ್ಲಿಂಗ್ ಅವರ ತಂಡವು ಆರ್ಟಿಮೀಸಿಯಾ ಗಿಡದ ವಂಶವಾಹಿಗಳನ್ನು ಯೀಸ್ಟಿನೊಳಕ್ಕೆ ಸೇರಿಸಿ, ಆರ್ಟಿಮಿಸಿನಿನ್ ಔಷಧಕ್ಕೆ ಮೂಲವಾದ ಆಮ್ಲವನ್ನು ಅದರಿಂದ ಪಡೆದ ವರದಿ ಪ್ರಕಟವಾದದ್ದು 2006ರಲ್ಲಿ. ಆ ದಾರಿಯ ಒಂದು ಕವಲಿನಲ್ಲಿ ಬೇರೊಂದು ಕಿಣ್ವವನ್ನು ನಿಲ್ಲಿಸಿದರೆ ಔಷಧದ ಬದಲು ಫಾರ್ನೆಸೀನ್ ಎಂಬ ಎಣ್ಣೆ ಹುಟ್ಟುತ್ತದೆ. ಇದು ಪ್ರಕೃತಿಗೆ ಹೊಸದಲ್ಲ. ಬೆಳೆಗೆ ಮುತ್ತುವ ಸಸ್ಯಹೇನುಗಳು ಅಪಾಯ ಒದಗಿದಾಗ ತಮ್ಮ ಬಳಗವನ್ನು ಎಚ್ಚರಿಸಲು ಸೂಸುವ ವಾಸನೆ ಇದೇ ವಸ್ತುವಿನದು! ಇದಕ್ಕೆ ಜಲಜನಕವನ್ನು ಕೂಡಿಸಿದರೆ ಎಂಜಿನ್ನಿನಲ್ಲಿ ಉರಿಯಬಲ್ಲ ಇಂಧನ ಸಿದ್ಧ.

ಆ ತಂಡದವರು 2003ರಲ್ಲಿ ಸ್ಥಾಪಿಸಿದ್ದ ಅಮೈರಿಸ್ ಎಂಬ ಸಂಸ್ಥೆ ಕಬ್ಬನ್ನು ಅರಸಿಕೊಂಡು ಬ್ರೆಜಿಲ್ ದೇಶಕ್ಕೆ ಹೋಯಿತು. 1975ರಿಂದಲೂ ಸರ್ಕಾರದ ಯೋಜನೆಯ ಮೂಲಕ ಕಬ್ಬಿನ ಮದ್ಯಸಾರದಿಂದ ವಾಹನ ಓಡಿಸಿದ ನಾಡು ಅದು. 2012ರ ಜೂನ್ ತಿಂಗಳಲ್ಲಿ, ರಿಯೋ ನಗರದಲ್ಲಿ ಭೂಮಿಯ ಭವಿಷ್ಯವನ್ನು ಕುರಿತ ವಿಶ್ವಸಂಸ್ಥೆಯ ಸಮ್ಮೇಳನ ನಡೆದಾಗ, ಕಬ್ಬಿನಿಂದ ಬಂದ ಈ ಇಂಧನವನ್ನು ಬೆರೆಸಿಕೊಂಡು ಒಂದು ವಿಮಾನ ಹಾರಿತು. ಅದೇ ವರ್ಷದ ಕೊನೆಗೆ ಬ್ರೋತಾಸ್ ಎಂಬ ಊರಿನಲ್ಲಿ ಕಾರ್ಖಾನೆ ಕೆಲಸ ಆರಂಭಿಸಿತು. ವಿಮಾನದ ಇಂಧನಕ್ಕೆ ನೂರಕ್ಕೆ 10ರಷ್ಟು ಇದನ್ನು ಬೆರೆಸಲು 2014ರಲ್ಲಿ ಅನುಮತಿಯೂ ದೊರೆಯಿತು. 2016ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಲೀಟರು ದ್ರವಕ್ಕೆ 130 ಗ್ರಾಮಿಗೂ ಮಿಗಿಲಾಗಿ ಎಣ್ಣೆ ಕೊಡುವ ಯೀಸ್ಟಿನ ತಳಿಗಳ ವಿವರವಿದೆ. ಒಂದು ಕಣದಷ್ಟು ಜೀವಿಯಿಂದ ಇದಕ್ಕಿಂತ ಹೆಚ್ಚನ್ನು ಕೇಳುವುದು ನ್ಯಾಯವಲ್ಲವೆಂದೇ ನನಗೆ ತೋರುತ್ತದೆ.

ತೊಡಕು ಇದ್ದದ್ದು ಬೇರೆ ಕಡೆ. ಸಕ್ಕರೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಆಮ್ಲಜನಕವೇ. ಎಣ್ಣೆಯಾಗಬೇಕಾದರೆ ಅದೆಲ್ಲವನ್ನೂ ಕಳೆಯಬೇಕು. ನೂರು ಕಿಲೋ ಗ್ಲೂಕೋಸಿನಿಂದ ಮದ್ಯಸಾರ ಹೆಚ್ಚೆಂದರೆ 51 ಕಿಲೋ ಬಂದರೆ, ಫಾರ್ನೆಸೀನ್ ರಸಾಯನಶಾಸ್ತ್ರದ ಲೆಕ್ಕದಲ್ಲೇ 32 ಕಿಲೋವನ್ನು ಮೀರದು. ಯೀಸ್ಟ್ ತಾನೂ ಬದುಕಬೇಕಾದುದರಿಂದ ಕೈಗೆ ಸಿಗುವುದು ಇನ್ನೂ ಕಡಿಮೆ. ಮದ್ಯಸಾರದ ಹುದುಗಿಗೆ ಗಾಳಿ ಬೇಡ. ಈ ಯೀಸ್ಟಿಗೆ ಹಗಲಿರುಳೂ ಗಾಳಿ ಊದುತ್ತಿರಬೇಕು. ಇಷ್ಟು ಬೆಲೆ ತೆತ್ತು ಪಡೆದ ಎಣ್ಣೆ, ನೆಲವನ್ನು ಕೊರೆದರೆ ಬರುವ ಎಣ್ಣೆಯೊಡನೆ ಸಂತೆಯಲ್ಲಿ ಪೈಪೋಟಿಗೆ ನಿಲ್ಲಬೇಕು. 2014ರ ಮಧ್ಯದಲ್ಲಿ ಪೀಪಾಯಿಗೆ 100 ಡಾಲರ್ ದಾಟಿದ್ದ ಕಚ್ಚಾತೈಲ 2015ರ ಜನವರಿಯಲ್ಲಿ 50ಕ್ಕಿಂತ ಕೆಳಗಿಳಿಯಿತು.

ಸಂಸ್ಥೆ ಹೊಟ್ಟೆ ಹೊರೆದುಕೊಂಡದ್ದು ಬೇರೆ ಬಗೆಯಲ್ಲಿ. ಫಾರ್ನೆಸೀನಿನ ಎರಡು ಅಣುಗಳನ್ನು ಜೋಡಿಸಿ ಜಲಜನಕ ಕೂಡಿಸಿದರೆ, ಮುಖಕ್ಕೆ ಹಚ್ಚುವ ಲೇಪನಗಳಲ್ಲಿ ಬಳಸುವ ಸ್ಕ್ವಾಲೇನ್ ದೊರೆಯುತ್ತದೆ. ಹಿಂದೆ ಅದಕ್ಕಾಗಿ ಶಾರ್ಕ್ ಮೀನನ್ನು ಕೊಂದು ಯಕೃತ್ತಿನ ಎಣ್ಣೆ ತೆಗೆಯುತ್ತಿದ್ದರು. ವಿಮಾನವನ್ನು ಹಾರಿಸಲೆಂದು ಹೊರಟ ಯೀಸ್ಟ್ ಕೆಲವು ಶಾರ್ಕುಗಳ ಪ್ರಾಣ ಉಳಿಸಿತು ಎನ್ನಬೇಕು; ಅದೇನೂ ಸಣ್ಣ ಉಪಕಾರವಲ್ಲ. ಆದರೆ ಬ್ರೋತಾಸಿನ ಕಾರ್ಖಾನೆ 2017ರಲ್ಲಿ ಬೇರೆಯವರ ಕೈ ಸೇರಿತು. 2023ರ ಆಗಸ್ಟಿನಲ್ಲಿ ಸಂಸ್ಥೆಯೇ ದಿವಾಳಿ ಅರ್ಜಿ ಸಲ್ಲಿಸಿತು.

ಆದ್ದರಿಂದ ಈಗ ಅನೇಕರ ಗಮನ ಯೀಸ್ಟಿಗಿಂತ ಅದರ ಮೇವಿನ ಕಡೆಗಿದೆ. ಅನ್ನವಾಗಬಹುದಾದ ಸಕ್ಕರೆಯ ಬದಲು ಕಬ್ಬಿನ ರಚ್ಚು, ಜೋಳದ ದಂಟು, ಭತ್ತದ ಹುಲ್ಲು ಇವುಗಳಲ್ಲಿ ಅಡಗಿರುವ ಸಕ್ಕರೆಯನ್ನು ಬಿಡಿಸಿಕೊಳ್ಳಬೇಕು. ಗಿಡಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಆ ಸಕ್ಕರೆಗೆ ಕೋಟೆ ಕಟ್ಟಿದೆ. ಕೋಟೆಯನ್ನು ಒಡೆದರೂ ಹೊರಬರುವುದರಲ್ಲಿ ಗಣನೀಯ ಪಾಲು ಜೈಲೋಸ್. ನಮ್ಮ ಹೆಂಡದ ಯೀಸ್ಟ್ ಅದನ್ನು ಸಹಜವಾಗಿ ಮುಟ್ಟುವುದೇ ಇಲ್ಲ. ಮುಟ್ಟುವಂತೆ ಮಾಡಿದ ತಳಿಗಳು ಪ್ರಯೋಗಾಲಯಗಳಲ್ಲಿ ಸಿದ್ಧವಾಗಿವೆ.